ಪೋಲೋ ಡಿಕ್ಕಿ ಮೇಲಿನ ಟಿಡಿಐ ಕೆಂಪಗಿದ್ರೆ ಅದು ಜಿಟಿನೇನಾ?

ಎಂಟನೇಮೈಲಿ

ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ಒಂದನ್ನ ನೋಡ್ತಿದ್ದೀನಿ. 2015ರ ಡೀಸೆಲ್, ಮ್ಯಾನುವಲ್, ಕೆಂಪು ಬಣ್ಣ. ಗ್ರಿಲ್ ಮೇಲೆ ಜಿಟಿ (ಜಾಸ್ತಿ ಪವರ್ ಇರೋ ಪೋಲೋ) ಬ್ಯಾಡ್ಜ್ ಇದೆ. ಡಿಕ್ಕಿ ಮೇಲಿನ ಟಿಡಿಐ (ಇವರ ಟರ್ಬೋ ಡೀಸೆಲ್ ಎಂಜಿನ್ ಹೆಸರು) ಅಕ್ಷರಗಳಲ್ಲಿ 'ಟಿ' ಕ್ರೋಮ್, 'ಡಿ' ಮತ್ತು 'ಐ' ಎರಡೂ ಕೆಂಪು. "ಕೆಂಪು ಅಕ್ಷರ ಇದ್ರೆ ಪವರ್ ಜಾಸ್ತಿ, ಇದು 105ರ ಜಿಟಿ" ಅಂತ ಹೇಳಿ ಅದೇ ವರ್ಷದ ಮಾಮೂಲಿ ಎಂಜಿನ್ನಿನ ಹೈಲೈನ್‌ಗಿಂತ 60 ಸಾವಿರ ಹೆಚ್ಚು ಕೇಳ್ತಿದ್ದಾರೆ. ಆರ್‌ಸಿ ಫೋಟೋದ ಅರ್ಧ ಭಾಗ ಮಾತ್ರ ಕಳಿಸಿದ್ದಾರೆ, ಅದರಲ್ಲಿ 1498 ಸಿಸಿ ಅಂತ ಕಾಣುತ್ತೆ.

ನನ್ನ ಪ್ರಶ್ನೆ ಎರಡು. ಅಕ್ಷರದ ಬಣ್ಣ ನೋಡಿ ವೇರಿಯಂಟ್ ಹೇಳೋದು ನಿಜವಾಗ್ಲೂ ಸಾಧ್ಯನಾ? ಬೇರೆ ಕಂಪನಿಗಳಲ್ಲೂ ಹೀಗೆ ಬಣ್ಣದ ಲೆಕ್ಕ ಇದೆಯಾ?

ಪುಂಪೆಡ್ಯೂಸ

ಕೆಂಪು ಅಕ್ಷರದ ಲೆಕ್ಕ ಕಟ್ಟುಕತೆಯಲ್ಲ ಸರ್, ಆದರೆ ಅದು ಬೇರೆ ಕಾರಿನ ಲೆಕ್ಕ.

ಯುರೋಪಿನ ನಾಲ್ಕನೇ ತಲೆಮಾರಿನ ಗಾಲ್ಫ್‌ನಲ್ಲಿ ಒಂದೇ 1.9 ಲೀಟರ್ ಡೀಸೆಲ್ ಎಂಜಿನ್ ಆರು ಬಗೆಯ ಪವರ್‌ನಲ್ಲಿ ಬರುತ್ತಿತ್ತು. ಹೊರಗಿನಿಂದ ನೋಡಿದರೆ ಎಲ್ಲವೂ ಬರೀ 'ಟಿಡಿಐ'. ಗುರುತು ಹಿಡಿಯಲು ಇದ್ದದ್ದು ಬಣ್ಣ. ಮೂರೂ ಅಕ್ಷರ ಕ್ರೋಮ್ ಇದ್ದರೆ 90 ಅಥವಾ 100 ಪಿಎಸ್ (ಹಾರ್ಸ್ ಪವರಿನ ಮೆಟ್ರಿಕ್ ಅಳತೆ). 'ಐ' ಮಾತ್ರ ಕೆಂಪಾದರೆ 110 ಅಥವಾ 115. 'ಡಿ', 'ಐ' ಎರಡೂ ಕೆಂಪಾದರೆ 130. ಮೂರೂ ಕೆಂಪಾದರೆ 150. ಎಂಜಿನ್ ಕೋಡ್‌ಗಳೂ ಹಾಗೇ ಬೇರೆ ಬೇರೆ: 90ಕ್ಕೆ ಎಎಲ್‌ಎಚ್, 115ಕ್ಕೆ ಎಜೆಎಂ ಮತ್ತು ಎಯುವೈ, 130ಕ್ಕೆ ಎಎಸ್‌ಝಡ್, 150ಕ್ಕೆ ಎಆರ್‌ಎಲ್.

ಈಗ ಇದನ್ನು ನಿಮ್ಮ ಪೋಲೋಗೆ ಹಿಡಿದು ನೋಡಿ. 'ಡಿಐ' ಕೆಂಪು ಅಂದರೆ ಆ ಪಟ್ಟಿಯಲ್ಲಿ 130 ಪಿಎಸ್. ನಮ್ಮಲ್ಲಿ ಮಾರಾಟವಾದ ಯಾವ ಡೀಸೆಲ್ ಪೋಲೋದಲ್ಲೂ 130 ಇರಲಿಲ್ಲ. 1.5 ಟಿಡಿಐ ಮಾಮೂಲಿ ಪೋಲೋದಲ್ಲಿ 90 ಪಿಎಸ್, 230 ನ್ಯೂಟನ್ ಮೀಟರ್ ಟಾರ್ಕ್. ಜಿಟಿಯಲ್ಲಿ 105 ಪಿಎಸ್, 250 ನ್ಯೂಟನ್ ಮೀಟರ್. ಆಮೇಲೆ ಜಿಟಿ 110ಕ್ಕೆ ಏರಿತು. ಹಾಗಾಗಿ ಮಾರುವವರ ವಾದ ಆ ಪಟ್ಟಿಯ ಪ್ರಕಾರವೇ ನಿಲ್ಲುವುದಿಲ್ಲ. ಒಂದು ಮಾಡೆಲ್, ಒಂದು ತಲೆಮಾರು, ಒಂದು ದೇಶದ ಮಾರುಕಟ್ಟೆ ಬಿಟ್ಟು ಆಚೆ ಹೋದರೆ ಆ ಬಣ್ಣಕ್ಕೆ ಬೆಲೆಯಿಲ್ಲ.

ಖಚಿತವಾಗಿ ತಿಳಿಯಬೇಕಾದರೆ ಡಿಕ್ಕಿ ತೆಗೆಸಿ, ಕಾರ್ಪೆಟ್ ಎತ್ತಿಸಿ. ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಬಿಳಿ ಕಾಗದದ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಚಾಸಿ ನಂಬರ್, ಮಾಡೆಲ್ ಕೋಡ್, ಪವರ್ ಕಿಲೋವ್ಯಾಟ್‌ನಲ್ಲಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೋಡ್, ಪೇಂಟ್ ಮತ್ತು ಒಳಾಂಗಣದ ಕೋಡ್, ಕೊನೆಯಲ್ಲಿ ಕಾರಿಗೆ ಯಾವ ಭಾಗ ಹಾಕಿದ್ದಾರೆ ಅಂತ ಹೇಳುವ ಮೂರು ಮೂರು ಅಕ್ಷರಗಳ ಪಿಆರ್ ಕೋಡ್‌ಗಳ ಗುಂಪು. ನಿಮಗೆ ಬೇಕಾದ್ದು ಕಿಲೋವ್ಯಾಟ್. ಅದನ್ನು 1.36ರಿಂದ ಗುಣಿಸಿದರೆ ಪಿಎಸ್. 66 ಇದ್ದರೆ ಅದು 90 ಪಿಎಸ್‌ನ ಮಾಮೂಲಿ ಕಾರು, 77 ಇದ್ದರೆ 105ರ ಜಿಟಿ, 81 ಇದ್ದರೆ 110. ಈ ಸ್ಟಿಕ್ಕರ್‌ನ ಇನ್ನೊಂದು ಪ್ರತಿಯನ್ನು ಸರ್ವಿಸ್ ಪುಸ್ತಕದ ಮೊದಲ ಪುಟಗಳಲ್ಲೂ ಅಂಟಿಸಿರುತ್ತಾರೆ. ಎರಡರಲ್ಲೂ ಚಾಸಿ ನಂಬರ್ ಒಂದೇ ಇದೆಯಾ ಅಂತ ಹೋಲಿಸಿ.

ಆ ಪಿಆರ್ ಕೋಡ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಬ್ರೇಕ್ ಪ್ಯಾಡ್ ಕೊಳ್ಳುವಾಗ ಡಿಸ್ಕ್ ಅಳತೆ ಹೇಳುವುದು ಅದೇ.

ಸ್ಪ್ಯಾನರ್13

1498 ನೋಡಿ ಸಮಾಧಾನ ಆಗ್ಬೇಡಿ. 90ಕ್ಕೂ 105ಕ್ಕೂ ಅದೇ 1498 ಸಿಸಿ. ಅರ್ಧ ಫೋಟೋ ಕಳಿಸಿದ್ದಾರೆ ಅಂದ್ರೆ ಉಳಿದರ್ಧ ಕೇಳಿ, ಮಾಡೆಲ್ ಹೆಸರಿನ ಸಾಲು ಅಲ್ಲೇ ಇರೋದು. ಹೊಸ ಮಾದರಿ ಆರ್‌ಸಿ ಕಾರ್ಡ್ ಆದ್ರೆ ಸಿಸಿ ಪಕ್ಕದಲ್ಲೇ ಹಾರ್ಸ್ ಪವರ್‌ಗೂ ಜಾಗ ಇದೆ.

ಇನ್ನು ಬ್ಯಾಡ್ಜ್ ಮುಟ್ಟದೇನೇ ಸುಳ್ಳು ಹಿಡಿಯೋ ದಾರಿ: ಗೇರ್ ಮತ್ತು ಸಿಸಿ. ಡೀಸೆಲ್ ಪೋಲೋ ಇಲ್ಲಿ ಆಟೋಮ್ಯಾಟಿಕ್‌ನಲ್ಲಿ ಬಂದೇ ಇಲ್ಲ, ಆ ಗೇರ್‌ಬಾಕ್ಸ್ ಬಂದಿದ್ದು ವೆಂಟೋ ಡೀಸೆಲ್‌ಗೆ. ಪೆಟ್ರೋಲ್ ಜಿಟಿ ಟಿಎಸ್ಐ (ಟರ್ಬೋ ಪೆಟ್ರೋಲ್) 2020ಕ್ಕಿಂತ ಮುಂಚಿನದಾದ್ರೆ 7 ಸ್ಪೀಡ್ ಆಟೋಮ್ಯಾಟಿಕ್ ಡಿಎಸ್‌ಜಿ ಮಾತ್ರ. ಅಂಥ ಕಾರಲ್ಲಿ ಕ್ಲಚ್ ಪೆಡಲ್ ಕಂಡ್ರೆ ಬ್ಯಾಡ್ಜ್ ಅಂಗಡಿಯದ್ದು. ಆ ಕಾಲದ ಪೆಟ್ರೋಲ್ ಸಿಸಿಯಲ್ಲಿ ಇನ್ನೊಂದು ಮಜಾ ಇದೆ: ಮೂರು ಸಿಲಿಂಡರಿನ 1.2 ಎಂಪಿಐ (ಟರ್ಬೋ ಇಲ್ಲದ್ದು) 75 ಪಿಎಸ್, 1198 ಸಿಸಿ. ನಾಲ್ಕು ಸಿಲಿಂಡರಿನ 1.2 ಟಿಎಸ್ಐ 105 ಪಿಎಸ್, 1197 ಸಿಸಿ. ಒಂದೇ ಒಂದು ಸಿಸಿ ವ್ಯತ್ಯಾಸ, 30 ಪಿಎಸ್ ಅಂತರ! ಕೊನೆಯ ಅಂಕಿ ನೋಡದವರು ಮೋಸ ಹೋಗ್ತಾರೆ.

ಕೆಂಪು ಜಿಟಿಐ ಬ್ಯಾಡ್ಜ್ ಕಂಡ್ರೆ ಬಾಗಿಲು ಎಣಿಸಿ. 2016ರಲ್ಲಿ ಇಲ್ಲಿಗೆ ಬಂದ ಪೋಲೋ ಜಿಟಿಐ 99 ಕಾರುಗಳಿಗಷ್ಟೇ ಸೀಮಿತ, 1.8 ಟಿಎಸ್ಐ, 192 ಪಿಎಸ್, ಮೂರು ಬಾಗಿಲಿನ ಬಾಡಿ. ಹಿಂದಿನ ಸೀಟಿಗೆ ಬೇರೆ ಬಾಗಿಲಿದ್ರೆ ಅದು ಜಿಟಿಐ ಅಲ್ಲ.

ಎಂಟನೇಮೈಲಿ

ಹೋಗಿ ನೋಡಿ ಬಂದೆ. ಸ್ಟೆಪ್ನಿ ಗುಂಡಿಯಲ್ಲಿ ಸ್ಟಿಕ್ಕರ್ ಇದ್ದ ಗುರುತು ಇದೆ, ಕಾಗದ ಕಿತ್ತುಹೋಗಿದೆ. ಸರ್ವಿಸ್ ಪುಸ್ತಕ "ಮನೇಲಿದೆ, ಹುಡುಕಿ ಕೊಡ್ತೀನಿ" ಅಂದ್ರು. ಅಲ್ಲೀವರೆಗೆ ಇನ್ನೇನು ನೋಡ್ಬಹುದು?

ಪುಂಪೆಡ್ಯೂಸ

ಸ್ಟಿಕ್ಕರ್ ಇಲ್ಲ ಅಂದ ಮಾತ್ರಕ್ಕೆ ಮೋಸ ಅಂತ ಹೇಳಲಾಗದು. ಡಿಕ್ಕಿಗೆ ನೀರು ಇಳಿದು ಕಾಗದ ಕೊಳೆಯುವುದು ಸಾಮಾನ್ಯ. ಹಾಗಾಗಿದ್ದರೆ ಗುಂಡಿಯ ತಳದಲ್ಲಿ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಮುಗ್ಗಲು ವಾಸನೆ ಇರಬೇಕು. ಎಲ್ಲವೂ ಒಣಗಿ ಸ್ವಚ್ಛವಾಗಿದ್ದು ಸ್ಟಿಕ್ಕರ್ ಮಾತ್ರ ಹೋಗಿದ್ದರೆ, ಅಥವಾ ಆ ಜಾಗಕ್ಕೆ ಹೊಸ ಪೇಂಟ್ ಬಿದ್ದಿದ್ದರೆ, ಹಿಂದಿನಿಂದ ಗುದ್ದಿಸಿಕೊಂಡ ಕಾರಾ ಅಂತಲೂ ಪರೀಕ್ಷಿಸಿ.

ಬಾನೆಟ್ ಎತ್ತಿ. ಟೈಮಿಂಗ್ ಬೆಲ್ಟ್‌ನ ಪ್ಲಾಸ್ಟಿಕ್ ಕವರಿನ ಮೇಲ್ಭಾಗದಲ್ಲಿ ಎಂಜಿನ್ ಕೋಡ್ ಮತ್ತು ಸೀರಿಯಲ್ ನಂಬರಿನ ಸಣ್ಣ ಸ್ಟಿಕ್ಕರ್ ಇರುತ್ತದೆ. ಕವರ್ ಬದಲಾಗಿದ್ದರೆ ಎಂಜಿನ್ ಬ್ಲಾಕ್ ಮೇಲೆ, ಗೇರ್‌ಬಾಕ್ಸ್ ಜೋಡಣೆಯಾಗುವ ಅಂಚಿನ ಹತ್ತಿರ ಅದನ್ನೇ ಕೆತ್ತಿರುತ್ತಾರೆ. ಟಾರ್ಚ್ ಬೇಕು, ಎಣ್ಣೆ ಒರೆಸಲು ಬಟ್ಟೆ ಬೇಕು. 66 ಮತ್ತು 77 ಕಿಲೋವ್ಯಾಟ್ ಎಂಜಿನ್‌ಗಳ ಕೋಡ್ ಬೇರೆ. ಕೋಡ್ ಮತ್ತು ಚಾಸಿ ನಂಬರ್ ಎರಡನ್ನೂ ಕಂಪನಿ ಸರ್ವಿಸ್ ಸೆಂಟರ್‌ನ ಪಾರ್ಟ್ಸ್ ಕೌಂಟರ್‌ಗೆ ಕೊಟ್ಟರೆ ಕಾರು ಫ್ಯಾಕ್ಟರಿಯಿಂದ ಯಾವ ವೇರಿಯಂಟ್ ಆಗಿ ಹೊರಬಿತ್ತು ಅನ್ನುವುದು ಅವರ ಪರದೆಯಲ್ಲೇ ಬರುತ್ತದೆ.

ಓಡಿಸಿ ನೋಡಿ "ಎಳೆತ ಚೆನ್ನಾಗಿದೆ, ಜಿಟಿನೇ ಇರಬೇಕು" ಅಂದುಕೊಳ್ಳಬೇಡಿ. 90ರ ಎಂಜಿನ್‌ಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ) ಮಾಡಿಸಿದರೆ ಜಿಟಿಗಿಂತ ಜೋರಾಗಿಯೇ ಎಳೆಯುತ್ತದೆ. ಕ್ಲಚ್ ಮೊದಲು ಸೋಲುತ್ತದೆ, ಅದು ಬೇರೆ ಮಾತು.

ಅಕ್ಷರಗಳನ್ನೂ ನೋಡಿ. ಕೆಂಪು ಭಾಗದ ಅಂಚಿಗೆ ಉಗುರು ತಾಗಿಸಿ. ಫ್ಯಾಕ್ಟರಿಯ ಬಣ್ಣ ಅಕ್ಷರಕ್ಕೆ ಸಮವಾಗಿ ಕೂತಿರುತ್ತದೆ. ವಿನೈಲ್ ಅಂಟಿಸಿದ್ದರೆ ಅಂಚು ಉಗುರಿಗೆ ಸಿಗುತ್ತದೆ, ಮೂಲೆಯಲ್ಲಿ ಧೂಳಿನ ಗೆರೆ ಕೂತಿರುತ್ತದೆ. ಅಕ್ಷರಗಳ ತಳಕ್ಕೆ ಸ್ಕೇಲ್ ಹಿಡಿಯಿರಿ. ಫ್ಯಾಕ್ಟರಿಯಲ್ಲಿ ಅಚ್ಚು ಇಟ್ಟು ಅಂಟಿಸುತ್ತಾರೆ, ಕೈಯಲ್ಲಿ ಅಂಟಿಸಿದ್ದು ಒಂದೆರಡು ಮಿಲಿಮೀಟರ್ ಆದರೂ ಸೊಟ್ಟಗಿರುತ್ತದೆ. ಕ್ರೋಮ್ 'ಟಿ' ಮೇಲೆ ಹತ್ತು ವರ್ಷದ ಗೀರು, ಪಕ್ಕದ ಕೆಂಪು 'ಡಿಐ' ಮಾತ್ರ ಹೊಳೆಯುತ್ತಿದೆ ಅಂದರೆ ಮತ್ತೇನೂ ಕೇಳಬೇಕಾಗಿಲ್ಲ.

ಕರಾವಳಿಕ್ಲಚ್

ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಮಾರಾಯ್ರೆ.

ಇಲ್ಲಿ ಅತಿ ಹೆಚ್ಚು ನಕಲಿ ಆಗುವುದು ಹೋಂಡಾದ ಕೆಂಪು ಎಚ್. ಕೆಂಪು ಹಿನ್ನೆಲೆಯ ಎಚ್ ಲಾಂಛನ ಹೋಂಡಾದ ಅತಿ ವೇಗದ ಟೈಪ್ ಆರ್ ಕಾರುಗಳಿಗೆ ಸೇರಿದ್ದು. 1992ರ ಎನ್‌ಎಸ್‌ಎಕ್ಸ್ ಟೈಪ್ ಆರ್‌ನಿಂದ ಆ ಸಂಪ್ರದಾಯ ಶುರು. ಭಾರತದಲ್ಲಿ ಹೋಂಡಾ ಟೈಪ್ ಆರ್ ಅನ್ನು ಮಾರಿಯೇ ಇಲ್ಲ. ಹಾಗಾಗಿ ಸಿಟಿ, ಅಮೇಜ್ ಮೇಲೆ ಕಾಣುವ ಕೆಂಪು ಎಚ್ ಎಲ್ಲ ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳ ಕೊಡುಗೆ ಅಂತ ಇಟ್ಟುಕೊಳ್ಳಿ. ಅದೇ ಹೋಂಡಾದಲ್ಲಿ ಎಚ್ ಸುತ್ತ ನೀಲಿ ಛಾಯೆ ಕಂಡರೆ ಅದಕ್ಕೆ ಅರ್ಥ ಉಂಟು: 2022ರಲ್ಲಿ ಬಂದ ಸಿಟಿ ಹೈಬ್ರಿಡ್‌ನಲ್ಲಿ ಹಾಗೆ ಇರುತ್ತದೆ.

ನೀಲಿ ಹೇಳುವುದು ವೇರಿಯಂಟ್ ಅಲ್ಲ, ಶಕ್ತಿಯ ಮೂಲ. ಟೊಯೊಟಾ ಪ್ರಿಯಸ್, ಬಿಡದಿಯಲ್ಲಿ ಜೋಡಿಸಿದ ಕ್ಯಾಮ್ರಿ ಹೈಬ್ರಿಡ್, ಇವುಗಳ ಲಾಂಛನದಲ್ಲಿ ನೀಲಿ. ಬಿಎಂಡಬ್ಲ್ಯೂ ಎಲೆಕ್ಟ್ರಿಕ್‌ಗಳಲ್ಲಿ ದುಂಡು ಲಾಂಛನದ ಸುತ್ತ ನೀಲಿ ಉಂಗುರ. ಮಹೀಂದ್ರಾ ಮಾತ್ರ ಬೇರೆ ದಾರಿ ಹಿಡಿಯಿತು, ಎಕ್ಸ್‌ಯುವಿ 400ರಲ್ಲಿ ಅವಳಿ ಶಿಖರದ ಲಾಂಛನಕ್ಕೆ ತಾಮ್ರದ ಬಣ್ಣ ಕೊಟ್ಟಿತು. ತಂತಿಯ ಬಣ್ಣ, ಒಳ್ಳೆ ಆಯ್ಕೆ ಅಂತ ನನ್ನ ಎಣಿಕೆ.

ಕಪ್ಪು ಬಂದರೆ ಬರೀ ಶೋಕಿ. ಟಾಟಾ 2019ರಲ್ಲಿ ಹ್ಯಾರಿಯರ್‌ಗೆ ಡಾರ್ಕ್ ಎಡಿಷನ್ ತಂದಿತು, 2023ರಲ್ಲಿ ರೆಡ್ ಡಾರ್ಕ್ ಬಂತು. ಹೊರಗಿನ ಕಪ್ಪು, ಕೆಂಪಿಗೆ ಎಂಜಿನ್ ಪವರ್‌ನ ಸಂಬಂಧ ಇಲ್ಲ. ಒಳಗಿನ ಫೀಚರ್ ಲೆಕ್ಕ ಹಾಕಿಯೇ ದುಡ್ಡು ಕೊಡಿ.

ಬಿಎಂಡಬ್ಲ್ಯೂನಲ್ಲಿ ತಿಳಿನೀಲಿ, ಕಡುನೀಲಿ, ಕೆಂಪು ಪಟ್ಟಿಯ 'ಎಂ' ಕಂಡರೆ ಅದು ಎಲ್ಲಿದೆ ಅಂತ ನೋಡಬೇಕು. ಮುಂದಿನ ಚಕ್ರದ ಮೇಲಿನ ಫೆಂಡರಿನಲ್ಲಿ ಮಾತ್ರ ಎಂ ಇದ್ದು ಡಿಕ್ಕಿಯಲ್ಲಿ 320ಡಿ ಅಂತಿದ್ದರೆ ಎಂ ಸ್ಪೋರ್ಟ್ ಪ್ಯಾಕೇಜ್, ಬಂಪರ್ ಸ್ಟಿಯರಿಂಗ್ ಚಂದ, ಎಂಜಿನ್ ಅದೇ. ಡಿಕ್ಕಿಯಲ್ಲಿ ಎಂ ಆದ ಮೇಲೆ ಒಂದೇ ಅಂಕಿ, ಎಂ3, ಎಂ5 ಅಂತಿದ್ದರೆ ಪೂರ್ತಿ ಎಂ, ಅಂದರೆ ಅವರ ಅತಿ ವೇಗದ ಕಾರು. ಎಂ340ಐ ಎರಡರ ಮಧ್ಯದ್ದು.

ಬಣ್ಣಕ್ಕೆ ಕಾನೂನಿನ ಬೆಲೆ ಇರುವ ಒಂದು ಜಾಗ ಅಂದರೆ, ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಜೊತೆ ಬರುವ, ಮುಂದಿನ ಗ್ಲಾಸಿನ ಒಳಗೆ ಅಂಟಿಸುವ ಎಚ್‌ಎಸ್‌ಆರ್‌ಪಿ ಸ್ಟಿಕ್ಕರ್. ಡೀಸೆಲ್‌ಗೆ ಕಿತ್ತಳೆ, ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಬಿಎಸ್6 ಆದರೆ ಮೇಲ್ಗಡೆ 1 ಸೆಂಟಿಮೀಟರ್ ಹಸಿರು ಪಟ್ಟಿ. ಇವರು ನೋಡುತ್ತಿರುವುದು 2015ರ ಗಾಡಿ, 2019ರ ಏಪ್ರಿಲ್‌ಗಿಂತ ಮುಂಚಿನದು, ಹಾಗಾಗಿ ಈ ಸ್ಟಿಕ್ಕರ್ ಆಮೇಲೆ ಹಾಕಿಸಿದ್ದೇ ಇರಬೇಕು. ಅದರ ಮೇಲೆ ಎಂಜಿನ್, ಚಾಸಿ ನಂಬರ್ ಕೂಡ ಅಚ್ಚಾಗಿರುತ್ತದೆ. ಆರ್‌ಸಿ ಜೊತೆ ತಾಳೆ ನೋಡಿ.

ಫುಲ್‌ಥ್ರಾಟಲ್

ಇಷ್ಟೆಲ್ಲ ಯಾಕೆ ಗುರು, ಯಾವ ಕಂಪನಿ ಆದ್ರೂ ಕೆಂಪು ಅಂದ್ರೆ ಟಾಪ್. ಸಿಂಪಲ್.

ಪುಂಪೆಡ್ಯೂಸ

ಬೆಂಟ್ಲಿ ಒಂದೇ ಸಾಕು ಈ ಮಾತನ್ನು ಮುರಿಯಲು. ಬಣ್ಣ ನೋಡಿ ಕಾರು ಅಳೆಯುವ ಚಟವನ್ನು ಗಟ್ಟಿ ಮಾಡಿದವರೇ ಅವರು. 1921ರಿಂದ ಮಾರಾಟವಾದ 3 ಲೀಟರ್ ಕಾರಿನ ರೇಡಿಯೇಟರ್ ಬ್ಯಾಡ್ಜ್‌ನಲ್ಲಿ ನೀಲಿ ಇದ್ದರೆ ಮಾಮೂಲಿ ಕಾರು. ಕೆಂಪು ಇದ್ದರೆ ಸ್ಪೀಡ್ ಮಾಡೆಲ್. ಎಲ್ಲಕ್ಕಿಂತ ಮೇಲಿನ, ಗಂಟೆಗೆ 100 ಮೈಲಿ ಓಡುತ್ತದೆಂದು ಮಾರಿದ, 9 ಅಡಿ ಚಾಸಿಯ ಸೂಪರ್‌ಸ್ಪೋರ್ಟ್ಸ್‌ಗೆ ಹಸಿರು. ಅಂದರೆ ಅಲ್ಲಿ ಕೆಂಪು ನಡುವಿನ ಮೆಟ್ಟಿಲು.

ಮುಂದೆ ಆರ್ನಾಜ್ ಕಾರಿನಲ್ಲಿ ಇದೇ ಬ್ರ್ಯಾಂಡ್ ಲೆಕ್ಕವನ್ನು ತಿರುಗಿಸಿತು. ಗ್ರೀನ್ ಲೇಬಲ್‌ನಲ್ಲಿ ಬಿಎಂಡಬ್ಲ್ಯೂನ 4.4 ಲೀಟರ್ ವಿ8, ರೆಡ್ ಲೇಬಲ್‌ನಲ್ಲಿ ಬೆಂಟ್ಲಿಯ ಸ್ವಂತ 6.75 ಲೀಟರ್ ವಿ8. ಈ ಸಲ ಕೆಂಪು ಮೇಲೆ, ಹಸಿರು ಕೆಳಗೆ. 2012ರಲ್ಲಿ ಕಾಂಟಿನೆಂಟಲ್ ಜಿಟಿಗೆ ವಿ8 ಬಂದಾಗ ಮತ್ತೆ ಉಲ್ಟಾ: ಕೆಂಪು ಬ್ಯಾಡ್ಜ್‌ನ ವಿ8ಗೆ 507 ಪಿಎಸ್, ಕಪ್ಪು ಬ್ಯಾಡ್ಜ್‌ನ 12 ಸಿಲಿಂಡರಿಗೆ 575 ಪಿಎಸ್. ಒಂದೇ ಕಂಪನಿ, ಒಂದೇ ಕೆಂಪು, ಮೂರು ಅರ್ಥ.

ಎಂಟನೇಮೈಲಿ

ಸರ್ವಿಸ್ ಪುಸ್ತಕ ಸಿಕ್ತು. ಸ್ಟಿಕ್ಕರ್‌ನಲ್ಲಿ 66 ಕಿಲೋವ್ಯಾಟ್ ಅಂತ ಸ್ಪಷ್ಟವಾಗಿದೆ. ಆರ್‌ಸಿಯ ಉಳಿದರ್ಧದಲ್ಲಿ ಹೈಲೈನ್. ಮಾರೋರು "ಹಿಂದಿನ ಓನರ್ ಹಾಕಿಸಿದ್ದು" ಅಂದು ಬೆಲೆ ಇಳಿಸೋಕೆ ಒಪ್ಪಿದ್ದಾರೆ. ಕಾರು ಉಳಿದಂತೆ ಚೆನ್ನಾಗಿದೆ. ತಗೊಂಡ್ರೆ ಆ ಜಿಟಿ ಮತ್ತೆ ಕೆಂಪು ಅಕ್ಷರ ಪೇಂಟ್ ಹಾಳಾಗದ ಹಾಗೆ ತೆಗೆಯೋದು ಹೇಗೆ? ಇನ್ಶೂರೆನ್ಸ್‌ಗೆ ಏನಾದ್ರೂ ತೊಂದರೆ ಇದೆಯಾ?

ಸ್ಪ್ಯಾನರ್13

ಮೊದಲೇ ಎಚ್ಚರಿಕೆ: ಡಿಕ್ಕಿ ಮಧ್ಯದ ದುಂಡನೆ ವಿಡಬ್ಲ್ಯೂ ಲಾಂಛನಕ್ಕೆ ಕೈ ಹಾಕ್ಬೇಡಿ. ಪೋಲೋದಲ್ಲಿ ಅದೇ ಡಿಕ್ಕಿ ತೆಗೆಯೋ ಹಿಡಿ. ಮೀಟಿದ್ರೆ ಹಿಂಜ್ ಮುರಿಯುತ್ತೆ.

ಅಕ್ಷರ ತೆಗೆಯೋದಕ್ಕೆ ಬೇಕಾದ್ದು ಹೇರ್ ಡ್ರೈಯರ್, ಮೀನು ಹಿಡಿಯೋ ಗಾಳದ ನೈಲಾನ್ ದಾರ ಅರ್ಧ ಮೀಟರ್, ಮಾಸ್ಕಿಂಗ್ ಟೇಪ್, ಐಸೋಪ್ರೊಪೈಲ್ ಆಲ್ಕೋಹಾಲ್, ಎರಡು ಮೈಕ್ರೋಫೈಬರ್ ಬಟ್ಟೆ. ಜಾಗ ತೊಳೆದು ಒಣಗಿಸಿ. ಧೂಳಿನ ಮೇಲೆ ದಾರ ಎಳೆದ್ರೆ ಉಪ್ಪುಕಾಗದ ಉಜ್ಜಿದ ಹಾಗೆ ಗೀರು ಬೀಳುತ್ತೆ. ಅಕ್ಷರದ ಸುತ್ತ ಟೇಪ್ ಹಾಕಿ. ಡ್ರೈಯರ್ ಒಂದು ಗೇಣಿಗಿಂತ ಸ್ವಲ್ಪ ಹತ್ತಿರ ಹಿಡಿದು ಎರಡು ಮೂರು ನಿಮಿಷ, ಒಂದೇ ಕಡೆ ನಿಲ್ಲಿಸದೆ ಆಡಿಸ್ತಾ ಬಿಸಿ ಮಾಡಿ. ತಗಡು ಮುಟ್ಟೋಕಾಗೋಷ್ಟೇ ಬಿಸಿ ಇರ್ಲಿ. ಹೀಟ್ ಗನ್ ಬೇಡ, ಕ್ಲಿಯರ್ ಕೋಟ್ ಗುಳ್ಳೆ ಬರುತ್ತೆ. ಆಮೇಲೆ ದಾರವನ್ನ ಅಕ್ಷರದ ಹಿಂದೆ ತೂರಿಸಿ ಗರಗಸದ ಹಾಗೆ ಆಚೀಚೆ ಎಳೀರಿ. ಸ್ಕ್ರೂಡ್ರೈವರ್ ಬೇಡ, ಹಳೇ ಎಟಿಎಂ ಕಾರ್ಡೂ ಬೇಡ.

ಉಳಿದ ಗೋಂದನ್ನ ಮತ್ತೆ ಸ್ವಲ್ಪ ಬಿಸಿ ಮಾಡಿ ಹೆಬ್ಬೆರಳಲ್ಲಿ ಉರುಳಿಸಿ ತೆಗೀರಿ, ಕೊನೆಯ ಜಿಡ್ಡಿಗೆ ಆಲ್ಕೋಹಾಲ್. ಥಿನ್ನರ್ ಮಾತ್ರ ಬೇಡವೇ ಬೇಡ, ಒಂದ್ಸಲ ಹೊರಗಡೆ ಪೇಂಟ್ ಮಾಡಿಸಿರೋ ಡಿಕ್ಕಿ ಆಗಿದ್ರೆ ಬಣ್ಣವೇ ಬಟ್ಟೆಗೆ ಬರುತ್ತೆ.

ಇನ್ನೊಂದು, ನಿಮ್ಮದು ಕೆಂಪು ಕಾರು. ಬಿಸಿಲಿಗೆ ಮಾಸೋದ್ರಲ್ಲಿ ಕೆಂಪು ಮೊದಲು. ಅಕ್ಷರ ತೆಗೆದ ಮೇಲೂ ಅದರ ಆಕಾರ ಗಾಢವಾಗಿ ಉಳಿಯಬಹುದು. ಕೈಯಲ್ಲಿ ಪಾಲಿಶ್ ಹಾಕಿದ್ರೆ ಹೋಗಲ್ಲ, ಮೆಷಿನ್ ಪಾಲಿಶ್‌ನಲ್ಲಿ ಸುತ್ತಲಿನ ಮಾಸಿದ ಪದರ ತೆಗೆದು ಸಮ ಮಾಡ್ಬೇಕು. ಅದಕ್ಕೇ ಹೇಳೋದು, 'ಟಿ' ಮೂಲದ್ದೇ ಆಗಿದ್ರೆ ಮೂರನ್ನೂ ಬೋಳಿಸೋ ಬದಲು ಕೆಂಪು ಎರಡನ್ನ ತೆಗೆದು ಕ್ರೋಮ್ ಅಕ್ಷರ ಅದೇ ಜಾಗಕ್ಕೆ ಹಾಕಿ, ನೆರಳು ಮುಚ್ಚುತ್ತೆ. ವಿನೈಲ್ ಮಾತ್ರ ಅಂಟಿಸಿದ್ರೆ ಇನ್ನೂ ಸುಲಭ, ಬಿಸಿ ಮಾಡಿ ಸುಲಿದ್ರೆ ಕೆಳಗಡೆ ಹಳೇ ಕ್ರೋಮ್ ಇರುತ್ತೆ. ಹೊಸದು ಅಂಟಿಸೋದಾದ್ರೆ ಬೆಳಗ್ಗೆ ಚಳಿಯಲ್ಲಿ ಬೇಡ, ತಗಡು ಬೆಚ್ಚಗಿರುವಾಗ ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ದಿನ ನೀರು ತಾಗಿಸ್ಬೇಡಿ.

ಗ್ರಿಲ್‌ನ ಜಿಟಿ ಅಂಟಲ್ಲಿ ಕೂತಿದೆಯೋ ಹಿಂದುಗಡೆ ಕ್ಲಿಪ್ಪಲ್ಲೋ ಬಾನೆಟ್ ಎತ್ತಿ ನೋಡಿ. ಕ್ಲಿಪ್ ಆಗಿದ್ರೆ ಹಿಂದಿನಿಂದಲೇ ಬಿಡಿಸಿ. (ಓದ್ತಿರೋ ಬೇರೆಯವರಿಗೆ: ಮುಂದಿನ ಲಾಂಛನದ ಹಿಂದೆ ರೇಡಾರ್ ಇರೋ ಕಾರುಗಳಲ್ಲಿ ಅದರ ಮೇಲೆ ಬಣ್ಣದ ಸ್ಟಿಕ್ಕರ್, ಸ್ಪ್ರೇ ಪೇಂಟ್ ಹಾಕ್ಬೇಡಿ. ಮೆಟಾಲಿಕ್ ಬಣ್ಣ ರೇಡಾರ್ ತಡೆದು ಕ್ರೂಸ್ ಕಂಟ್ರೋಲ್ ಕೈ ಕೊಡುತ್ತೆ.)

ಇನ್ಶೂರೆನ್ಸ್‌ನವರು ನೋಡೋದು ಆರ್‌ಸಿಯಲ್ಲಿರೋ ವೇರಿಯಂಟ್. ಐದು ವರ್ಷ ದಾಟಿದ ಕಾರಿಗೆ ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟೋ ಬೆಲೆ) ನೀವೂ ಕಂಪನಿಯೂ ಇಬ್ಬರೂ ಮಾತಾಡಿಕೊಂಡು ಒಪ್ಪೋದು, ಅಲ್ಲಿ ಹೈಲೈನ್ ಬೆಲೆಯನ್ನೇ ಹೇಳಿ. ಪಾಲಿಸಿಯಲ್ಲಿ ಜಿಟಿ ಅಂತ ಬರೆದಿದ್ರೆ ಹೆಸರು ವರ್ಗಾಯಿಸೋವಾಗಲೇ ಸರಿ ಮಾಡಿಸಿ, ಕ್ಲೇಮ್ ಹೊತ್ತಿಗೆ ಎರಡು ಕಾಗದದಲ್ಲಿ ಎರಡು ಮಾಡೆಲ್ ಇರಬಾರದು.

ಬೆಲೆ ಪೂರ್ತಿ 60 ಸಾವಿರ ಇಳಿಸಿ ಕೇಳಿ. ಜೊತೆಗೆ ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದ್ರೆ ಬದಲಾಗಿಲ್ಲ ಅಂತಲೇ ಲೆಕ್ಕ ಹಿಡಿದು ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರರ ಖರ್ಚನ್ನೂ ಕಳೀರಿ.